ಮುಂಬಯಿಯಿಂದ ಹೋದ ಒಂದು ಕಟ್ಟು ಕಾಗದ

ಮೊನ್ನೆ ಭಾನುವಾರ ಅಕ್ಕನ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದಳು. ಮೊದಲ ಪಿಯುಸಿ ಫಿಸಿಕ್ಸ್ ನೋಟ್ಸಿನ ಒಂದು ಪುಟ. ಒಂದು ಚೌಕದ ಡಬ್ಬ, ಒಳಗೊಂದು ಚುಕ್ಕೆ, ಚುಕ್ಕೆಯಿಂದ ಗೋಡೆಗೆ ಒಂದು ಬಾಣ, ಗೋಡೆಯಿಂದ ವಾಪಸ್ಸು ಇನ್ನೊಂದು ಬಾಣ. ಅದರ ಕೆಳಗೆ ಮುಕ್ಕಾಲು ಪುಟ ಲೆಕ್ಕ. "ಮಾಮ, ಇದನ್ನ ಬಾಯಿಪಾಠ ಮಾಡಿದ್ರೆ ಸಾಕಾ, ಅರ್ಥ ಮಾಡ್ಕೋಬೇಕಾ?" ಅಂತ ಪ್ರಶ್ನೆ.

ನಾನು ಅದೇ ವಯಸ್ಸಿನಲ್ಲಿ ಬಾಯಿಪಾಠವನ್ನೇ ಮಾಡಿದ್ದು. ಆದರೆ ಮಾಮ ಆದಮೇಲೆ ಹಾಗೆ ಹೇಳೋಕಾಗುತ್ತಾ? "ಅರ್ಥ ಮಾಡ್ಕೋಬೇಕು" ಅಂದೆ. ತಕ್ಷಣ ಇನ್ನೊಂದು ಪ್ರಶ್ನೆ ಬಂತು. "ಬಾಯ್ಲ್ ನಿಯಮ ಬಾಯ್ಲ್‌ದು, ಚಾರ್ಲ್ಸ್ ನಿಯಮ ಚಾರ್ಲ್ಸ್‌ದು. ಈ ಡೆರಿವೇಶನ್ ಯಾರ್ದು? ಹೆಸರೇ ಇಲ್ವಲ್ಲ ಇದಕ್ಕೆ?"

ಒಳ್ಳೇ ಪ್ರಶ್ನೆ. ಉತ್ತರ ಒಂದು ಮೆಸೇಜಿನಲ್ಲಿ ಹಿಡಿಸುವಂಥದ್ದಲ್ಲ, ಅದಕ್ಕೇ ಈ ಪೋಸ್ಟು. ಇದು ಒಬ್ಬನ ಸ್ವತ್ತಲ್ಲ, ನಾಲ್ಕೈದು ಜನ ಬೇರೆಬೇರೆ ಕಾಲದಲ್ಲಿ ಇದಕ್ಕೆ ಕೈ ಹಾಕಿದ್ದಾರೆ. ಅವರಲ್ಲಿ ಒಬ್ಬ ಮುಂಬಯಿಯಲ್ಲಿ ಕೂತು ಈ ಲೆಕ್ಕ ಬರೆದ. ಅದು ಅಚ್ಚಾಗಿದ್ದು ಅವನು ಸತ್ತ ಒಂಬತ್ತು ವರ್ಷಕ್ಕೆ. ನಾನು ಹೇಳಹೊರಟಿರೋದು ಅವನ ಕಥೆ.

ಮೊದಲು ಸ್ವಲ್ಪ ಹಿನ್ನೆಲೆ.

ಗಾಳಿಯನ್ನು ಒತ್ತಿದರೆ ಅದು ತಿರುಗಿ ಒತ್ತುತ್ತದೆ. ಸೈಕಲ್ ಪಂಪಿನ ತೂತಿಗೆ ಬೆರಳು ಅಡ್ಡ ಇಟ್ಟು ಹಿಡಿ ಒತ್ತಿ ನೋಡಿದವರಿಗೆಲ್ಲ ಇದು ಗೊತ್ತು. 1662ರಲ್ಲಿ ರಾಬರ್ಟ್ ಬಾಯ್ಲ್ ಇದಕ್ಕೊಂದು ಲೆಕ್ಕ ಕೊಟ್ಟ: ಗಾಳಿಗಿರುವ ಜಾಗ ಅರ್ಧ ಮಾಡಿದರೆ ಒತ್ತಡ ಎರಡರಷ್ಟಾಗುತ್ತದೆ. ಬಿಸಿ ಮಾಡಿದರೆ ಎಷ್ಟು ಹಿಗ್ಗುತ್ತದೆ ಅನ್ನೋದನ್ನು 1787ರ ಹೊತ್ತಿಗೆ ಚಾರ್ಲ್ಸ್ ಕಂಡುಕೊಂಡ, 1802ರಲ್ಲಿ ಗೇ-ಲುಸಾಕ್ ಪ್ರಕಟಿಸಿದ. ನಿಯಮವೇನೋ ಸಿಕ್ಕಿತು. ಆದರೆ ಗಾಳಿ ಯಾಕೆ ಹಾಗೆ ವರ್ತಿಸುತ್ತದೆ?

ಹೆಚ್ಚಿನವರ ಮನಸ್ಸಿನಲ್ಲಿ ಇದ್ದ ಚಿತ್ರ ಹೀಗಿತ್ತು. ಗಾಳಿಯ ಕಣಗಳು ಹೆಚ್ಚು ಕಡಿಮೆ ನಿಂತಲ್ಲೇ ನಿಂತಿವೆ, ಒಂದನ್ನೊಂದು ದೂರ ತಳ್ಳುತ್ತಿವೆ. ಹಾಸಿಗೆಗೆ ತುಂಬಿದ ಹತ್ತಿಯ ಹಾಗೆ ಅನ್ನಿ. ಅದುಮಿದರೆ ಅದುಮಿಸಿಕೊಳ್ಳುತ್ತದೆ, ಬಿಟ್ಟರೆ ಉಬ್ಬುತ್ತದೆ. ನ್ಯೂಟನ್ 1687ರ ತನ್ನ 'ಪ್ರಿನ್ಸಿಪಿಯಾ'ದಲ್ಲಿ ಇಂಥ ತಳ್ಳಾಟದಿಂದ ಬಾಯ್ಲ್ ನಿಯಮ ಬರುತ್ತದೆ ಅಂತ ತೋರಿಸಿದ್ದ. 'ನಿಜವಾಗಿಯೂ ಗಾಳಿ ಹೀಗೇ ಇದೆಯೋ ಇಲ್ಲವೋ ಅದು ಬೇರೆ ಪ್ರಶ್ನೆ' ಅನ್ನೋ ಎಚ್ಚರಿಕೆಯನ್ನೂ ಅವನೇ ಸೇರಿಸಿದ್ದ. ಆಮೇಲಿನವರು ಲೆಕ್ಕ ಇಟ್ಟುಕೊಂಡರು, ಎಚ್ಚರಿಕೆ ಬಿಟ್ಟರು. ನ್ಯೂಟನ್ ಹೇಳಿದ ಮೇಲೆ ಮುಗೀತಲ್ಲ! ಇದರ ಜೊತೆಗೆ 'ಕ್ಯಾಲೊರಿಕ್' ಅನ್ನೋ ಕಲ್ಪನೆಯೂ ಸೇರಿಕೊಂಡಿತು. ಶಾಖ ಅನ್ನೋದು ತೂಕವಿಲ್ಲದ ಒಂದು ದ್ರವ, ಅದು ಕಣಗಳ ಸುತ್ತ ಮೆತ್ತಿಕೊಂಡು ಅವನ್ನು ದೂರ ಇಡುತ್ತದೆ ಅಂತ.

ಇನ್ನೊಂದು ಚಿತ್ರವೂ ಇತ್ತು. 1738ರಲ್ಲೇ ಡೇನಿಯಲ್ ಬರ್ನೂಲಿ ಬರೆದಿದ್ದ: ಕಣಗಳು ನಿಂತಿಲ್ಲ, ಎಲ್ಲ ದಿಕ್ಕಿಗೂ ಓಡಾಡ್ತಿವೆ, ಗೋಡೆಗೆ ಬಡಿಯುತ್ತಿವೆ, ಆ ಬಡಿತವೇ ಒತ್ತಡ. ನಮ್ಮ ಮಲೆನಾಡಿನ ಮಳೆಗಾಲ ನೆನೆಸಿಕೊಳ್ಳಿ. ಶೀಟಿನ ಮಾಡಿನ ಮೇಲೆ ಮೊದಲು ಟಪ್... ಟಪ್... ಅಂತ ಒಂದೊಂದೇ ಹನಿ ಕೇಳಿಸುತ್ತದೆ. ಮಳೆ ಜೋರಾದ ಮೇಲೆ ಹನಿ ಕೇಳಿಸುವುದಿಲ್ಲ, ಒಂದೇ ಸಮನೆ ಮೊರೆತ. ಬಲೂನಿನ ಒಳಗಿಂದ ಗಾಳಿ 'ಒತ್ತುತ್ತಿದೆ' ಅಂತ ನಮಗನ್ನಿಸುವುದು ಆ ಮೊರೆತ. ಹನಿಗಳು ಅಣುಗಳು. ಆದರೆ ಬರ್ನೂಲಿಯ ಈ ಮಾತನ್ನು ನೂರು ವರ್ಷ ಯಾರೂ ಹೆಚ್ಚು ಗಮನಿಸಲಿಲ್ಲ.

ನಡುವೆ ಜಾನ್ ಹೆರಾಪತ್ ಅಂತ ಇಂಗ್ಲೆಂಡಿನ ಒಬ್ಬ ಇದೇ ದಾರಿ ಹಿಡಿದು 1820ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಕಳಿಸಿದ. ಹಂಫ್ರಿ ಡೇವಿಗೆ ಹಿಡಿಸಲಿಲ್ಲ. ಹೆರಾಪತ್‌ನ ಲೆಕ್ಕದಲ್ಲಿ ತಪ್ಪೂ ಇತ್ತು ಅನ್ನಿ. ಆಮೇಲೆ ಅವನು ರೈಲ್ವೆ ಪತ್ರಿಕೆಯೊಂದರ ಸಂಪಾದಕನಾದ, ತನ್ನ ಭೌತಶಾಸ್ತ್ರದ ಲೆಕ್ಕವನ್ನು ಆ ರೈಲ್ವೆ ಪತ್ರಿಕೆಯಲ್ಲೇ ಅಚ್ಚು ಹಾಕಿಕೊಂಡ. ಯಾರೂ ಹಾಕದಿದ್ದರೆ ನಾವೇ ಹಾಕಿಕೊಳ್ಳೋದು... ಗೊತ್ತಲ್ಲ, ನಮ್ಮ ಜಾತಿಯವನೇ :-)

ಈಗ ನಮ್ಮ ಕಥಾನಾಯಕ. ಜಾನ್ ಜೇಮ್ಸ್ ವಾಟರ್‌ಸ್ಟನ್. ಹುಟ್ಟಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ, 1811ರಲ್ಲಿ. (ಒಂದೇ ತಾಪ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಅಣುಗಳಿರುತ್ತವೆ ಅಂತ ಅವೊಗಾಡ್ರೊ ಹೇಳಿದ್ದೂ ಅದೇ ವರ್ಷ. ಅವನ ಮಾತನ್ನೂ ಐವತ್ತು ವರ್ಷ ಯಾರೂ ಕೇಳಲಿಲ್ಲ. ಆ ವರ್ಷದ ಗ್ರಹಗತಿಯೇ ಸರಿ ಇರಲಿಲ್ಲವೇನೋ.) ಅಪ್ಪನದು ಅರಗು ಮತ್ತು ಸ್ಟೇಷನರಿ ವ್ಯಾಪಾರ, ಮನೆ ತುಂಬ ಮಕ್ಕಳು. ಹುಡುಗ ಸಿವಿಲ್ ಎಂಜಿನಿಯರುಗಳ ಹತ್ತಿರ ಕೆಲಸ ಕಲಿಯುತ್ತಲೇ ವಿಶ್ವವಿದ್ಯಾಲಯದ ಪಾಠಗಳಿಗೆ ಹೋಗಿ ಕೂತ. ಆಮೇಲೆ ಲಂಡನ್ನಿಗೆ ಹೋಗಿ ರೈಲ್ವೆ ಸರ್ವೆ ಮಾಡಿದ, ನೌಕಾಪಡೆಯ ನಕ್ಷೆ ಇಲಾಖೆ ಸೇರಿದ. ಯೋಚನೆ ಮಾಡೋಕೆ ಬಿಡುವು ಸಿಗುವ ಕೆಲಸ ಬೇಕು ಅನ್ನೋದು ಅವನ ಆಸೆ. 1839ರಲ್ಲಿ ಅಂಥದ್ದೊಂದು ಸಿಕ್ಕಿತು: ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಪಾಠ ಹೇಳುವ ಮೇಷ್ಟ್ರ ಕೆಲಸ.

ಊಹೆ ಮಾಡಿಕೊಳ್ಳಿ. ಹಗಲು ಹುಡುಗರಿಗೆ ಹಡಗು ನಡೆಸುವ ಲೆಕ್ಕ ಹೇಳಿಕೊಡೋದು, ಉಳಿದ ಹೊತ್ತು ಗಾಳಿಯ ಅಣುಗಳ ಲೆಕ್ಕ. ಇದನ್ನು ಮಾತಾಡೋಣ ಅಂದರೆ ಲಂಡನ್, ಎಡಿನ್‌ಬರೋ ಎಲ್ಲ ಸಮುದ್ರದ ಆಚೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಆಗಿನ್ನೂ ತಂತಿಯೂ ಇಲ್ಲ. ಒಂದು ಕಾಗದ ಹೋಗಿ ಉತ್ತರ ಬರೋಕೆ ತಿಂಗಳುಗಟ್ಟಲೆ.

1843ರಲ್ಲಿ ಅವನು ಎಡಿನ್‌ಬರೋದಲ್ಲಿ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ, ಹೆಸರು ಹಾಕದೆ. ಪುಸ್ತಕ ಮನಸ್ಸಿನ ವ್ಯಾಪಾರಗಳ ಬಗ್ಗೆ. ಅದರೊಳಗೆ ಅನಿಲಗಳ ಬಗ್ಗೆ ತನ್ನ ವಿಚಾರದ ಮೊದಲ ರೂಪ ಇಟ್ಟಿದ್ದ! ಮನಸ್ಸಿನ ಪುಸ್ತಕದಲ್ಲಿ ಗಾಳಿಯ ಒತ್ತಡ ಹುಡುಕುವವರು ಯಾರು? ಯಾರೂ ಹುಡುಕಲಿಲ್ಲ.

ಎರಡು ವರ್ಷ ಕಳೆದು, 1845ರ ಡಿಸೆಂಬರಿನಲ್ಲಿ, ಅವನು ಮುಂಬಯಿಯಿಂದ ಕಳಿಸಿದ ಒಂದು ದಪ್ಪ ಕಟ್ಟು ರಾಯಲ್ ಸೊಸೈಟಿಗೆ ತಲುಪಿತು. ಸ್ವತಂತ್ರವಾಗಿ ಓಡಾಡುವ, ಪೂರ್ತಿ ಸ್ಥಿತಿಸ್ಥಾಪಕ ಅಣುಗಳಿಂದಾದ ಮಾಧ್ಯಮಗಳ ಭೌತಶಾಸ್ತ್ರ ಅನ್ನೋ ಅರ್ಥದ ಉದ್ದ ತಲೆಬರಹ.

ಅದರಲ್ಲಿ ಏನಿತ್ತು? ಬರ್ನೂಲಿ ಹೇಳಿದ್ದಂತೂ ಇತ್ತು. ಹೆರಾಪತ್ ಎಡವಿದ್ದ ಕಡೆ ಇವನು ಎಡವಿರಲಿಲ್ಲ. ತಾಪಮಾನ ಅಂದರೆ ಅಣುವಿನ ವೇಗವಲ್ಲ, ವೇಗದ ವರ್ಗವನ್ನು ಅಣುವಿನ ತೂಕದಿಂದ ಗುಣಿಸಿದ ಮೊತ್ತಕ್ಕೆ ಸಂಬಂಧಪಟ್ಟದ್ದು ಅಂತ ಸ್ಪಷ್ಟವಾಗಿ ಹೇಳಿದ್ದ. ಇನ್ನೂ ಒಂದು ಹೆಜ್ಜೆ ಮುಂದೆ: ಎರಡು ಬೇರೆಬೇರೆ ಅನಿಲ ಬೆರೆಸಿಟ್ಟರೆ, ಡಿಕ್ಕಿ ಹೊಡೆದೂ ಹೊಡೆದೂ ಕೊನೆಗೆ ಎರಡರ ಅಣುಗಳಲ್ಲೂ ಈ ಮೊತ್ತ ಸಮ ಆಗುತ್ತದೆ. ಅಂದರೆ ಭಾರದ ಅಣು ನಿಧಾನ, ಹಗುರದ್ದು ಚುರುಕು. ಆಮ್ಲಜನಕದ ಅಣು ಜಲಜನಕದ್ದಕ್ಕಿಂತ 16 ಪಟ್ಟು ಭಾರ, ಆದ್ದರಿಂದ ಜಲಜನಕದ ವೇಗ ಅದರ 4 ಪಟ್ಟು. ಇವತ್ತಿನ ಲೆಕ್ಕದಲ್ಲಿ, ನಾವು ಕೂತ ಕೋಣೆಯ ತಾಪಮಾನದಲ್ಲಿ, ಆಮ್ಲಜನಕದ ಅಣು ಸೆಕೆಂಡಿಗೆ ಸುಮಾರು 480 ಮೀಟರ್, ಜಲಜನಕದ್ದು ಸುಮಾರು 1900 ಮೀಟರ್. ಈ ಸಮಪಾಲಿನ ತತ್ವವನ್ನು ಅಷ್ಟು ಸ್ಪಷ್ಟವಾಗಿ ಅವನಿಗಿಂತ ಮೊದಲು ಯಾರೂ ಹೇಳಿರಲಿಲ್ಲ. ಅವೊಗಾಡ್ರೊ ಊಹೆ ಕೂಡ ಇದರಿಂದ ತಾನಾಗಿ ಬಂದುಬಿಡುತ್ತದೆ.

ಸೈಕಲ್ ಪಂಪು ಹೊಡೆಯುವಾಗ ಬಿಸಿಯಾಗುತ್ತದಲ್ಲ, ಅಂಥದ್ದಕ್ಕೂ ಅವನಲ್ಲಿ ಉತ್ತರ ಇತ್ತು. ನಿಂತ ಗೋಡೆಗೆ ಚೆಂಡು ಎಸೆದರೆ ಬಂದಷ್ಟೇ ವೇಗದಲ್ಲಿ ವಾಪಸ್ಸಾಗುತ್ತದೆ. ಎದುರು ಬೀಸಿ ಬರುವ ಬ್ಯಾಟಿಗೆ ತಾಗಿದರೆ ಇನ್ನೂ ಜೋರಾಗಿ ಹಾರುತ್ತದೆ. ಒಳಗೆ ನುಗ್ಗುವ ಪಂಪಿನ ಬಿರಡೆಯೇ ಆ ಬ್ಯಾಟು. ಅಣುಗಳ ವೇಗ ಹೆಚ್ಚಿದರೆ ಗಾಳಿ ಬಿಸಿಯಾಯಿತು ಅಂತಲೇ ಅರ್ಥ. ಕ್ಯಾಲೊರಿಕ್ ಅನ್ನೋ ದ್ರವದ ಅಗತ್ಯವೇ ಇಲ್ಲ. ಅನಿಲದ ಎರಡು ಬಗೆಯ ವಿಶಿಷ್ಟೋಷ್ಣಗಳ ಅನುಪಾತ ಹಾಕುವಾಗ ಮಾತ್ರ ಒಂದು ಕಡೆ ಲೆಕ್ಕ ತಪ್ಪಿ 5/3 ಬರಬೇಕಾದಲ್ಲಿ 4/3 ಬಂದಿತ್ತು. ಯಾರಾದರೂ ಸಹನೆಯಿಂದ ಓದಿದ್ದರೆ ಕೆಂಪಿಂಕಿನಲ್ಲಿ ತಿದ್ದಿ ಕೊಡಬಹುದಾಗಿದ್ದ ತಪ್ಪು.

ಓದಿದವರು ಇಬ್ಬರು. ಒಬ್ಬರು ಆಕ್ಸ್‌ಫರ್ಡಿನ ಪ್ರೊಫೆಸರ್ ಬೇಡನ್ ಪೊವೆಲ್. (ಶಾಲೆಯಲ್ಲಿ ಸ್ಕೌಟ್ಸ್ ಸೇರಿದ್ದವರಿಗೆ ಈ ಹೆಸರು ಗೊತ್ತು. ಸ್ಕೌಟ್ಸ್ ಕಟ್ಟಿದ ಬೇಡನ್-ಪೊವೆಲ್ ಇವರ ಮಗ.) ಅಣುಗಳು ಗೋಡೆಗೆ ಬಡಿಯುವುದೇ ಒತ್ತಡ ಅನ್ನೋ ಮೂಲ ಮಾತನ್ನೇ ಒಪ್ಪಿಕೊಳ್ಳೋದು ಕಷ್ಟ ಅಂತ ಇವರ ಅಭಿಪ್ರಾಯ. ಇನ್ನೊಬ್ಬರು ಸರ್ ಜಾನ್ ವಿಲಿಯಂ ಲುಬ್ಬಕ್, ಬ್ಯಾಂಕರು, ಖಗೋಳ ಗಣಿತದಲ್ಲಿ ಹೆಸರು ಮಾಡಿದವರು. ಇವರದು ಇನ್ನೂ ಚುಟುಕು: ಇದು ಬರೀ ಅಸಂಬದ್ಧ, ಸೊಸೈಟಿಯ ಮುಂದೆ ಓದುವುದಕ್ಕೂ ಲಾಯಕ್ಕಿಲ್ಲ.

1846ರ ಮಾರ್ಚಿನಲ್ಲಿ ಪ್ರಬಂಧವನ್ನು ಸಭೆಯಲ್ಲಿ 'ಓದಿದ' ಶಾಸ್ತ್ರ ಮುಗಿಯಿತು. ಒಂದು ಚಿಕ್ಕ ಸಾರಾಂಶ ಅಚ್ಚಾಯಿತು, ಅಷ್ಟೆ. ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ: ಸಭೆಯ ಮುಂದೆ ಬಂದ ಪ್ರಬಂಧ ಸೊಸೈಟಿಯ ಆಸ್ತಿ, ಬರೆದವನಿಗೆ ವಾಪಸ್ ಕೊಡುವ ಪದ್ಧತಿಯಿಲ್ಲ. ವಾಟರ್‌ಸ್ಟನ್ ತನ್ನ ಹತ್ತಿರ ಇನ್ನೊಂದು ಪ್ರತಿ ಇಟ್ಟುಕೊಂಡಿರಲಿಲ್ಲ. ಬೇರೆ ಕಡೆ ಅಚ್ಚು ಹಾಕಿಸೋಣ ಅಂದರೆ ಕೈಯಲ್ಲಿ ಕಾಗದವೇ ಇಲ್ಲ. ಅದು ಲಂಡನ್ನಿನಲ್ಲಿ, ಕಡತಗಳ ನಡುವೆ. ಇವನು ಮುಂಬಯಿಯಲ್ಲಿ.

1851ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಗೆ ಒಂದು ತುಣುಕು ಕಳಿಸಿದ, ಅದೂ ಮೂಲೆಗೆ ಬಿತ್ತು. 1857ರಲ್ಲಿ ಕೆಲಸ ಬಿಟ್ಟು, ಕೂಡಿಟ್ಟ ದುಡ್ಡಿನಲ್ಲಿ ಬದುಕೋಣ ಅಂತ ಎಡಿನ್‌ಬರೋಗೆ ವಾಪಸ್ಸಾದ.

ಅದೇ ವರ್ಷ ಜರ್ಮನಿಯ ಕ್ಲಾಸಿಯಸ್ ಶಾಖ ಅನ್ನೋದು ಒಂದು ಬಗೆಯ ಚಲನೆ ಅಂತ ಪ್ರಬಂಧ ಬರೆದ. ಈಗ ಜಗತ್ತು ಕೇಳಿಸಿಕೊಂಡಿತು. ಕೇಳಿಸಿಕೊಂಡಿದ್ದು ಮಾತ್ರವಲ್ಲ, ಅಡ್ಡಪ್ರಶ್ನೆಯನ್ನೂ ಹಾಕಿತು. ನೆದರ್ಲೆಂಡಿನ ಬಾಯ್ಸ್ ಬಾಲಟ್ ಕೇಳಿದ: ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ಓಡುವುದು ನಿಜವಾದರೆ, ಕೋಣೆಯ ಆ ತುದಿಯ ವಾಸನೆ ಈ ತುದಿಗೆ ಬರೋಕೆ ಅಷ್ಟು ಹೊತ್ತು ಯಾಕೆ ಬೇಕು? ನಮ್ಮ ಭಾಷೆಯಲ್ಲಿ, ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಚುಂಯ್ ಅಂದ ತಕ್ಷಣ ಜಗಲಿಯಲ್ಲಿ ಕೂತವನ ಮೂಗಿಗೆ ಬಡಿಯಬೇಕಿತ್ತಲ್ಲ? ಕ್ಲಾಸಿಯಸ್ 1858ರಲ್ಲಿ ಉತ್ತರ ಕೊಟ್ಟ. ಅಣು ಓಡುವುದೇನೋ ನಿಜ, ಆದರೆ ನೆಟ್ಟಗೆ ಓಡೋಕೆ ಬಿಡುವವರು ಯಾರು? ಜಾತ್ರೆಯ ಗದ್ದಲದಲ್ಲಿ ನುಗ್ಗಿದ ಹಾಗೆ, ಹೆಜ್ಜೆಹೆಜ್ಜೆಗೂ ಡಿಕ್ಕಿ. (ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಡಿಕ್ಕಿ ಹೊಡೆಯುತ್ತದೆ.) ಈ ಉತ್ತರದ ಎಳೆ ಹಿಡಿದೇ ಮ್ಯಾಕ್ಸ್‌ವೆಲ್ 1860ರಲ್ಲಿ ಅಣುಗಳ ವೇಗ ಹೇಗೆ ಹಂಚಿಹೋಗಿರುತ್ತದೆ ಅನ್ನೋ ಲೆಕ್ಕ ಕೊಟ್ಟ. ಆಮೇಲೆ ಬೋಲ್ಟ್ಸ್‌ಮನ್ ಬಂದ. ಒಂದು ಶಾಸ್ತ್ರವೇ ಕಟ್ಟಿಕೊಂಡಿತು.

ನನಗೆ ಇಲ್ಲಿ ಹೊಟ್ಟೆ ಉರಿಯೋದು ಏನಕ್ಕೆ ಗೊತ್ತಾ? ಕ್ಲಾಸಿಯಸ್‌ನ ಬರಹಕ್ಕೂ ವಿರೋಧ ಬಂತು. ಆದರೆ ಆ ವಿರೋಧ ಬಹಿರಂಗವಾಗಿತ್ತು, ಅದಕ್ಕೆ ಉತ್ತರ ಹೇಳುವ ಅವಕಾಶ ಇತ್ತು, ಉತ್ತರದಿಂದಲೇ ಶಾಸ್ತ್ರ ಬೆಳೆಯಿತು. ವಾಟರ್‌ಸ್ಟನ್‌ಗೆ ಅಡ್ಡಪ್ರಶ್ನೆ ಹಾಕುವವರೂ ಸಿಗಲಿಲ್ಲ. ಅವನು ನಿಶ್ಶಬ್ದದ ಜೊತೆ ವಾದ ಮಾಡಬೇಕಾಯಿತು.

ಅವನು ಸುಮ್ಮನೆ ಕೂರಲಿಲ್ಲ. ಶಬ್ದದ ಬಗ್ಗೆ, ಸೂರ್ಯನ ಶಾಖದ ಬಗ್ಗೆ, ದ್ರವಗಳ ಬಗ್ಗೆ ಬರೆಯುತ್ತಲೇ ಇದ್ದ, ಕೆಲವು ಅಚ್ಚಾದವು ಕೂಡ. 1878ರಲ್ಲಿ ಖಗೋಳ ಸಂಘ ಅವನ ಎರಡು ಪ್ರಬಂಧಗಳನ್ನು ತಿರಸ್ಕರಿಸಿದಾಗ ರಾಜೀನಾಮೆ ಕೊಟ್ಟು ಹೊರಬಂದ. ಮಕ್ಕಳ ಜೊತೆ ನಗುನಗುತ್ತಾ ಇರುತ್ತಿದ್ದವನು, ವಿಜ್ಞಾನ ಸಂಘಗಳ ಮಾತೆತ್ತಿದರೆ ಮಾತ್ರ ಸಿಡಿಮಿಡಿಗೊಂಡು ಬಯ್ಯುತ್ತಿದ್ದನಂತೆ. ಯಾಕೆ ಅಂತ ಮನೆಯವರಿಗೆ ಅರ್ಥವಾಗುತ್ತಿರಲಿಲ್ಲ.

1883ರ ಜೂನ್ 18ರಂದು ಮನೆಯಿಂದ ಹೊರಗೆ ಹೋದ. ಮತ್ತೆ ಬರಲಿಲ್ಲ. ವಯಸ್ಸು ಎಪ್ಪತ್ತು ದಾಟಿತ್ತು, ತಲೆಸುತ್ತು ಬರುತ್ತಿತ್ತು, ಎಲ್ಲೋ ನೀರಿಗೆ ಬಿದ್ದಿರಬೇಕು ಅಂತ ಊಹೆ.

ಇನ್ನೂ ಎಂಟು ವರ್ಷ ಕಳೆದವು. ಲಾರ್ಡ್ ರ‍್ಯಾಲೇ ಆಗ ರಾಯಲ್ ಸೊಸೈಟಿಯ ಕಾರ್ಯದರ್ಶಿ. ಶಬ್ದಶಾಸ್ತ್ರದಲ್ಲಿ ದೊಡ್ಡ ಹೆಸರು, ಮುಂದೆ 1904ರಲ್ಲಿ ನೊಬೆಲ್ ಪಡೆದವರು. ವಾಟರ್‌ಸ್ಟನ್ 1858ರಲ್ಲಿ ಶಬ್ದದ ಬಗ್ಗೆ ಬರೆದಿದ್ದ ಲೇಖನ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಹಳೆಯ ಪ್ರಬಂಧದ ಪ್ರಸ್ತಾಪ ಇತ್ತು. ಎಲ್ಲಿದೆ ಅದು ಅಂತ ರ‍್ಯಾಲೇ 1891ರಲ್ಲಿ ಕಡತ ಕೆದಕಿದರು. ಕಟ್ಟು ಅಲ್ಲೇ ಇತ್ತು. ನಲವತ್ತಾರು ವರ್ಷ! 1892ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ, ರ‍್ಯಾಲೇ ಮುನ್ನುಡಿಯ ಜೊತೆ, ಅದು ಅಚ್ಚಾಯಿತು.

ಆ ಮುನ್ನುಡಿ ವಿಚಿತ್ರವಾಗಿದೆ. ಇದನ್ನು ಆಗಲೇ ಪ್ರಕಟಿಸದೆ ಹೋದದ್ದರಿಂದ ಈ ಶಾಸ್ತ್ರ ಹತ್ತು ಹದಿನೈದು ವರ್ಷ ಹಿಂದೆ ಬಿತ್ತು ಅಂತ ರ‍್ಯಾಲೇ ಒಪ್ಪಿಕೊಳ್ಳುತ್ತಾರೆ. ಬರ್ನೂಲಿಯಂಥ ದೊಡ್ಡವರ ಹೆಸರು ಹಿಡಿದು ಬಂದಿದ್ದರೆ ಪರಿಶೀಲಕರು ಅಸಂಬದ್ಧ ಅನ್ನೋಕೆ ಹಿಂದೆಮುಂದೆ ನೋಡುತ್ತಿದ್ದರು ಅನ್ನುತ್ತಾರೆ. ಆಮೇಲೆ ಒಂದು ಬುದ್ಧಿವಾದ: ಹೆಸರಿಲ್ಲದ ಲೇಖಕ ಇಂಥ ದೂರದ ಊಹೆಗಳನ್ನು ವಿಜ್ಞಾನ ಸಂಘಕ್ಕೆ ತರುವ ಬದಲು ಬೇರೆ ದಾರಿಯಲ್ಲಿ ಜಗತ್ತಿನ ಮುಂದಿಡುವುದು ಒಳ್ಳೆಯದು, ದೊಡ್ಡದಕ್ಕೆ ಕೈ ಹಾಕುವ ಮೊದಲು ಕಿರಿಯರು ಸಣ್ಣಪುಟ್ಟ, ಸುಲಭವಾಗಿ ಬೆಲೆಕಟ್ಟಬಹುದಾದ ಕೆಲಸ ಮಾಡಿ ಹೆಸರು ಗಳಿಸಿಕೊಳ್ಳಲಿ. ಅಂದರೆ, ತಪ್ಪು ಸಂಘದ್ದು; ಪಾಠ ಕಲಿಯಬೇಕಾದ್ದು ಬರೆಯುವವನು!

ರ‍್ಯಾಲೇಗೆ ಇದರ ಸ್ವಂತ ಅನುಭವವೂ ಇತ್ತು. ಅವರ ಮಗ ಬರೆದ ಜೀವನಚರಿತ್ರೆಯಲ್ಲಿ ಆ ಪ್ರಸಂಗ ಬರುತ್ತದೆ. ಒಮ್ಮೆ ಬ್ರಿಟಿಷ್ ಅಸೋಸಿಯೇಷನ್ನಿಗೆ ಕಳಿಸಿದ ಅವರ ಪ್ರಬಂಧದಲ್ಲಿ ಹೇಗೋ ಹೆಸರು ಬಿಟ್ಟುಹೋಗಿತ್ತು. ಯಾರೋ ತಲೆಕೆಟ್ಟವನು ಬರೆದದ್ದು ಅಂತ ಸಮಿತಿ ಅದನ್ನು ಬದಿಗಿಟ್ಟಿತು. ಬರೆದವರು ಯಾರು ಅಂತ ಗೊತ್ತಾದ ಮೇಲೆ ಅದೇ ಪ್ರಬಂಧ ಚೆನ್ನಾಗಿದೆ ಅನ್ನಿಸಿತು. ಬದಲಾಗಿದ್ದು ಒಂದು ಹೆಸರು ಮಾತ್ರ.

ಪೊವೆಲ್, ಲುಬ್ಬಕ್ ಇಬ್ಬರನ್ನೂ ಮೂರ್ಖರು ಅಂತ ಬಯ್ಯೋದು ಸುಲಭ. ನಾನು ಬಯ್ಯಲಾರೆ. 1845ರಲ್ಲಿ ಅಣು ಅನ್ನೋದು ಇದೆಯೋ ಇಲ್ಲವೋ ಅನ್ನೋದೇ ಖಾತ್ರಿ ಇರಲಿಲ್ಲ. (1905ರಲ್ಲಿ ಐನ್‌ಸ್ಟೈನ್ ಲೆಕ್ಕ, 1908ರಿಂದ ಪೆರಿನ್‌ನ ಪ್ರಯೋಗಗಳು ಬಂದ ಮೇಲೇ ಹೆಚ್ಚಿನ ಅನುಮಾನಿಗಳು ಸುಮ್ಮನಾದದ್ದು.) ಸೂರ್ಯನ ಶಾಖ ಏನೂ ಇಲ್ಲದ ಬಯಲು ದಾಟಿ ಬರುತ್ತದಲ್ಲ, ಹಾಗಿದ್ದ ಮೇಲೆ ಶಾಖ ಅಂದರೆ ಅಣುಗಳ ಓಡಾಟ ಹೇಗಾಗುತ್ತದೆ ಅನ್ನೋದು ಆಗ ನ್ಯಾಯವಾದ ಪ್ರಶ್ನೆಯೇ. ಪೊವೆಲ್ ಸ್ವತಃ ಶಾಖವಿಕಿರಣದ ಮೇಲೆ ಕೆಲಸ ಮಾಡಿದವರು. ಅವರಿಗೆ ಅನುಮಾನ ಬಂದದ್ದು ತಪ್ಪಲ್ಲ. ಆದರೆ ಆ ಅನುಮಾನವನ್ನು ಬರೆದವನ ಮುಂದೆ ಇಟ್ಟಿದ್ದರೆ? ಕೊನೆಯ ಪಕ್ಷ ಕಾಗದವನ್ನಾದರೂ ವಾಪಸ್ ಕೊಟ್ಟಿದ್ದರೆ?

'ಸತ್ಯ ಕೊನೆಗೂ ಗೆದ್ದಿತಲ್ಲ' ಅಂತ ಕೆಲವರು ಹೇಳಬಹುದು. ಗೆದ್ದಿತು, ಹೌದು. ಗಾಳಿ ಹೇಗೆ ವರ್ತಿಸುತ್ತದೆ ಅನ್ನೋದು ಇವತ್ತು ಪಿಯುಸಿ ಹುಡುಗಿಗೂ ಗೊತ್ತು. ವಾಟರ್‌ಸ್ಟನ್ ಇಲ್ಲದೆಯೂ ಕ್ಲಾಸಿಯಸ್, ಮ್ಯಾಕ್ಸ್‌ವೆಲ್ ಅಲ್ಲಿಗೆ ಬಂದು ಮುಟ್ಟಿದರು. ವಿಜ್ಞಾನಕ್ಕೆ ಹೋಗಿದ್ದು ಹತ್ತು ಹದಿನೈದು ವರ್ಷ, ಅದು ತಡೆದುಕೊಳ್ಳುತ್ತದೆ. ಅವನಿಗೆ ಹೋಗಿದ್ದು ಇಡೀ ಆಯುಷ್ಯ. ತಾನು ಸರಿ ಅಂತ ಒಬ್ಬರ ಬಾಯಲ್ಲೂ ಕೇಳದೆ ಹೋದ.

ಬರೆಯುವ ಮಿತ್ರರಿಗೆ ಒಂದು ಸಣ್ಣ ಮಾತು: ಬ್ಯಾಕಪ್ ಇಟ್ಟುಕೊಳ್ಳಿ. ತಮಾಷೆಗೆ ಹೇಳ್ತಿಲ್ಲ. ಇನ್ನೊಂದು, ಹೆಸರೇ ಕೇಳಿರದವರ ಪುಟ ಸಿಕ್ಕಾಗ ಎರಡು ಪ್ಯಾರಾ ಜಾಸ್ತಿ ಓದಿ. ಒಪ್ಪಿಗೆಯಾಗದಿದ್ದರೆ ಯಾಕೆ ಅಂತ ಬರೆದು ತಿಳಿಸಿ. (ಇಲ್ಲಿ ನನ್ನ ಲೆಕ್ಕ ಎಲ್ಲಾದರೂ ತಪ್ಪಿದ್ದರೆ ಖಂಡಿತ ತಿದ್ದಿ.)

ಇಷ್ಟೂ ಕಥೆಯನ್ನು ಅಕ್ಕನ ಮಗಳಿಗೆ ಫೋನಿನಲ್ಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಾಮ, ಆ ಡಬ್ಬದ ಚಿತ್ರದ ಪಕ್ಕ ಅವನ ಹೆಸರು ಬರ್ಕೊಳ್ಲಾ?" ಅಂದಳು.

"ಬರ್ಕೋ" ಅಂದೆ. "ಅದಕ್ಕೇನೂ ಮಾರ್ಕ್ಸ್ ಕೊಡಲ್ಲ."

"ಪರವಾಗಿಲ್ಲ ಬಿಡಿ" ಅಂದಳು.